ಇಬ್ಬರೂ ಒಂದೇ ಥರ ಕಂಡಾಗ: ಅಮೆರಿಕದ ಅಧ್ಯಕ್ಷೀಯ ಪ್ರೈಮರಿಯಲ್ಲಿ ಮತ ಯಾರಿಗೆ?

ನವೆಂಬರ್‌ನ ಅಧ್ಯಕ್ಷೀಯ ಚುನಾವಣೆಯಲ್ಲಿ ಮತದಾರರ ಕೆಲಸ ಅಷ್ಟು ಕಷ್ಟದ್ದಲ್ಲ. ಪಕ್ಷದ ಹೆಸರೇ ಮುಕ್ಕಾಲು ಪಾಲು ತೀರ್ಮಾನ ಮಾಡಿಕೊಟ್ಟಿರುತ್ತದೆ. ಪ್ರೈಮರಿಯಲ್ಲಿ, ಅಂದರೆ ಪಕ್ಷದ ಅಭ್ಯರ್ಥಿ ಯಾರೆಂದು ತೀರ್ಮಾನಿಸಲು ಅದಕ್ಕೂ ಮೊದಲು ನಡೆಯುವ ಮತದಾನದಲ್ಲಿ, ಆ ಆಸರೆ ಇರುವುದಿಲ್ಲ. ಒಂದೇ ಪಕ್ಷದ ಇಬ್ಬರು ಒಂದೇ ಮಾತನ್ನು ಬೇರೆ ಬೇರೆ ದನಿಯಲ್ಲಿ ಹೇಳುತ್ತಿರುತ್ತಾರೆ. 2008ರಲ್ಲಿ ಡೆಮಾಕ್ರಟಿಕ್ ಪಕ್ಷದ ಹಿಲರಿ ಕ್ಲಿಂಟನ್ ಮತ್ತು ಬರಾಕ್ ಒಬಾಮ, 2016ರಲ್ಲಿ ರಿಪಬ್ಲಿಕನ್ ಪಕ್ಷದ ಮಾರ್ಕೊ ರೂಬಿಯೊ ಮತ್ತು ಟೆಡ್ ಕ್ರೂಜ್, 2020ರಲ್ಲಿ ಮತ್ತೆ ಡೆಮಾಕ್ರಟಿಕ್ ಪಕ್ಷದ ಬರ್ನಿ ಸ್ಯಾಂಡರ್ಸ್ ಮತ್ತು ಎಲಿಜಬೆತ್ ವಾರನ್: ಈ ಜೋಡಿಗಳ ನಡುವೆ ಸಿಕ್ಕಿಕೊಂಡು ಕೊನೆಯ ದಿನದವರೆಗೂ ಮನಸ್ಸು ಗಟ್ಟಿಯಾಗದವರು ಬಹಳ. 2028ರಲ್ಲಿ ಎರಡೂ ಪಕ್ಷಗಳಲ್ಲಿ ಇದೇ ಪರಿಸ್ಥಿತಿ ಬರಲಿದೆ. ಸಂವಿಧಾನದ 22ನೇ ತಿದ್ದುಪಡಿಯ ಪ್ರಕಾರ ಯಾರೂ ಮೂರನೇ ಬಾರಿ ಅಧ್ಯಕ್ಷರಾಗಿ ಆಯ್ಕೆಯಾಗುವಂತಿಲ್ಲ, ಎರಡು ಸಲ ಆಯ್ಕೆಯಾಗಿರುವ ಟ್ರಂಪ್ ಮತ್ತೆ ನಿಲ್ಲುವಂತಿಲ್ಲ, ಹಾಗಾಗಿ ಎರಡೂ ಕಡೆ ಕಣ ತುಂಬಿರುತ್ತದೆ. ಅಮೆರಿಕದ ಪೌರತ್ವ ಪಡೆದ ಕನ್ನಡಿಗರಿಗೆ, ಅದರಲ್ಲೂ ಮೊದಲ ಸಲ ಪ್ರೈಮರಿಯಲ್ಲಿ ಮತ ಹಾಕುವವರಿಗೆ, ಈ ಕೆಲಸವನ್ನು ಕ್ರಮವಾಗಿ ಮಾಡುವ ದಾರಿ ಇಲ್ಲಿದೆ.

ಮೊದಲು ನಿಮ್ಮ ರಾಜ್ಯದ ನಿಯಮ, ಆಮೇಲೆ ಅಭ್ಯರ್ಥಿ

ತಿಂಗಳುಗಟ್ಟಲೆ ಓದಿ ಅಭ್ಯರ್ಥಿಯನ್ನು ಆರಿಸಿಕೊಂಡು, ಮತಗಟ್ಟೆಗೆ ಹೋದಾಗ ಆ ಪಕ್ಷದ ಮತಪತ್ರವೇ ಸಿಗದಿದ್ದರೆ ಓದಿದ್ದೆಲ್ಲ ವ್ಯರ್ಥ. ಪ್ರೈಮರಿಯನ್ನು ಯಾರಿಗೆ ತೆರೆದಿಡಬೇಕು ಎಂಬುದು ಒಂದೊಂದು ರಾಜ್ಯದಲ್ಲಿ ಒಂದೊಂದು ಥರ. ನ್ಯೂಯಾರ್ಕ್, ಫ್ಲೋರಿಡಾ, ಪೆನ್ಸಿಲ್ವೇನಿಯಾಗಳಲ್ಲಿ ಪ್ರೈಮರಿ ಮುಚ್ಚಿದ್ದು. ಆಯಾ ಪಕ್ಷದ ಹೆಸರಿನಲ್ಲಿ ನೋಂದಾಯಿಸಿಕೊಂಡವರಿಗೆ ಮಾತ್ರ ಮತ. ಟೆಕ್ಸಸ್‌ನಲ್ಲಿ ಪಕ್ಷದ ನೋಂದಣಿಯೇ ಇಲ್ಲ. ಮತಗಟ್ಟೆಯಲ್ಲಿ ಯಾವ ಪಕ್ಷದ ಮತಪತ್ರ ಬೇಕೆಂದು ಕೇಳುತ್ತೀರೋ ಅದೇ. ಆದರೆ ಒಂದು ಪಕ್ಷದ ಪ್ರೈಮರಿಯಲ್ಲಿ ಮತ ಹಾಕಿದ ಮೇಲೆ, ಯಾರಿಗೂ ಬಹುಮತ ಬರದಿದ್ದಾಗ ನಡೆಯುವ ಆ ವರ್ಷದ ಎರಡನೇ ಸುತ್ತಿನ ರನ್‌ಆಫ್‌ನಲ್ಲಿ ಇನ್ನೊಂದು ಪಕ್ಷಕ್ಕೆ ಹೋಗುವಂತಿಲ್ಲ. ನ್ಯೂಜೆರ್ಸಿ ನಡುವಿನದ್ದು. ಯಾವ ಪಕ್ಷಕ್ಕೂ ಸೇರದವರು ಮತಗಟ್ಟೆಯಲ್ಲೇ ಪಕ್ಷವನ್ನು ಆರಿಸಿಕೊಳ್ಳಬಹುದು, ಆದರೆ ಹಾಗೆ ಮತ ಹಾಕಿದೊಡನೆ ಆ ಪಕ್ಷದವರೆಂದು ದಾಖಲಾಗುತ್ತಾರೆ.

ಪಕ್ಷ ಬದಲಿಸಲು ಕೊಟ್ಟಿರುವ ಗಡುವಿನಲ್ಲೇ ಹೆಚ್ಚು ಜನ ಎಡವುವುದು. ಈಗಾಗಲೇ ನೋಂದಾಯಿಸಿಕೊಂಡವರು ಪಕ್ಷ ಬದಲಿಸಬೇಕಾದರೆ ನ್ಯೂಯಾರ್ಕ್‌ನಲ್ಲಿ ಫೆಬ್ರವರಿ 14ರೊಳಗೆ ಅರ್ಜಿ ತಲುಪಿರಬೇಕು. ನ್ಯೂಜೆರ್ಸಿಯಲ್ಲಿ ಪ್ರೈಮರಿಗೆ 55 ದಿನ ಮೊದಲು, ಫ್ಲೋರಿಡಾದಲ್ಲಿ 29 ದಿನ, ಪೆನ್ಸಿಲ್ವೇನಿಯಾದಲ್ಲಿ 15 ದಿನ. 2016ರಲ್ಲಿ ನ್ಯೂಯಾರ್ಕ್‌ನ ಗಡುವು ಹಿಂದಿನ ವರ್ಷದ ಅಕ್ಟೋಬರ್‌ಗೇ ಮುಗಿಯುತ್ತಿತ್ತು. ಆ ಸಲ ಸ್ವತಃ ಡೊನಾಲ್ಡ್ ಟ್ರಂಪ್ ಅವರ ಮಕ್ಕಳಾದ ಇವಾಂಕಾ ಮತ್ತು ಎರಿಕ್‌ಗೂ ತಂದೆಗೆ ಮತ ಹಾಕಲು ಆಗಲಿಲ್ಲ. ಪೌರತ್ವದ ಪ್ರಮಾಣವಚನದ ದಿನವೇ ನೋಂದಣಿ ಅರ್ಜಿ ತುಂಬಿದವರು ಪಕ್ಷದ ಕಾಲಂ ಖಾಲಿ ಬಿಡುವುದು ಸಾಮಾನ್ಯ. ನಿಮ್ಮ ಹೆಸರಿನ ಮುಂದೆ ಏನಿದೆ ಎಂದು ರಾಜ್ಯದ ಚುನಾವಣಾ ಜಾಲತಾಣದಲ್ಲಿ ಇವತ್ತೇ ನೋಡಿಕೊಳ್ಳಿ. ಗಡುವುಗಳು ಆಗಾಗ ಬದಲಾಗುವುದರಿಂದ ಆ ವರ್ಷದ ದಿನಾಂಕವನ್ನೂ ಅಲ್ಲೇ ಖಚಿತಪಡಿಸಿಕೊಳ್ಳಿ.

ಕ್ಯಾಲಿಫೋರ್ನಿಯಾದಲ್ಲಿ ಇರುವವರು ಇನ್ನೂ ಎರಡು ವಿಷಯ ಗಮನಿಸಬೇಕು. ‘ನೋ ಪಾರ್ಟಿ ಪ್ರಿಫರೆನ್ಸ್’ ಎಂದು ನೋಂದಾಯಿಸಿಕೊಂಡವರಿಗೆ ಅಂಚೆಯಲ್ಲಿ ಬರುವ ಮತಪತ್ರದಲ್ಲಿ ಅಧ್ಯಕ್ಷ ಸ್ಥಾನದ ಸ್ಪರ್ಧೆಯೇ ಇರುವುದಿಲ್ಲ. ಡೆಮಾಕ್ರಟಿಕ್ ಮತಪತ್ರವನ್ನು ಕೇಳಿ ತರಿಸಿಕೊಳ್ಳಬೇಕು. ರಿಪಬ್ಲಿಕನ್ ಮತಪತ್ರ ಬೇಕಾದರೆ ಆ ಪಕ್ಷಕ್ಕೇ ನೋಂದಣಿ ಬದಲಿಸಬೇಕು. ಎರಡನೆಯದು, ‘ಅಮೆರಿಕನ್ ಇಂಡಿಪೆಂಡೆಂಟ್’ ಎಂಬುದು ಅಲ್ಲಿ ಒಂದು ಪಕ್ಷದ ಹೆಸರು. ತಾವು ಸ್ವತಂತ್ರರು ಎಂದುಕೊಂಡು ಆ ಚೌಕಕ್ಕೆ ಗುರುತು ಹಾಕಿದವರು ಅನೇಕರಿದ್ದಾರೆ.

ಭಾರತದಲ್ಲಿ ನೆಲೆಸಿರುವ ಅಮೆರಿಕನ್ ಪ್ರಜೆಗಳು ಪ್ರತಿ ವರ್ಷ ಜನವರಿಯಲ್ಲಿ, ಮತಪತ್ರ ಕೇಳುವ ಅರ್ಜಿಯಾದ ‘ಫೆಡರಲ್ ಪೋಸ್ಟ್ ಕಾರ್ಡ್ ಅಪ್ಲಿಕೇಶನ್’ ತುಂಬಿ ಕಳಿಸುವುದು ಒಳ್ಳೆಯದು. ಡೆಮಾಕ್ರಟಿಕ್ ಪಕ್ಷ ವಿದೇಶದಲ್ಲಿರುವವರಿಗಾಗಿಯೇ ‘ಡೆಮಾಕ್ರಟ್ಸ್ ಅಬ್ರಾಡ್’ ಮೂಲಕ ಪ್ರತ್ಯೇಕ ಪ್ರೈಮರಿ ನಡೆಸುತ್ತದೆ. ಅಲ್ಲಿ ಅಧ್ಯಕ್ಷ ಸ್ಥಾನಕ್ಕೆ ಮತ ಹಾಕಿದರೆ ರಾಜ್ಯದ ಪ್ರೈಮರಿಯಲ್ಲಿ ಮತ್ತೆ ಅದೇ ಸ್ಥಾನಕ್ಕೆ ಹಾಕುವಂತಿಲ್ಲ. ರಿಪಬ್ಲಿಕನ್ನರಲ್ಲಿ ಇಂಥ ವ್ಯವಸ್ಥೆ ಇಲ್ಲ.

ಎಚ್‌-1ಬಿ ವೀಸಾದವರಿಗೂ ಗ್ರೀನ್ ಕಾರ್ಡ್ ಇರುವವರಿಗೂ ಮತದ ಹಕ್ಕಿಲ್ಲ. ಡ್ರೈವಿಂಗ್ ಲೈಸೆನ್ಸ್ ಕಚೇರಿಯಲ್ಲಿ ಕೊಡುವ ಅರ್ಜಿಯ ಮತದಾರ ನೋಂದಣಿ ಭಾಗಕ್ಕೆ ಕಣ್ಣು ಮುಚ್ಚಿ ಸಹಿ ಹಾಕಿದರೆ ಮುಂದೆ ಪೌರತ್ವದ ಅರ್ಜಿಗೇ ಕುತ್ತು ಬರುತ್ತದೆ. ಅಭ್ಯರ್ಥಿಗೆ ದೇಣಿಗೆ ಕೊಡುವುದರಲ್ಲಿ ವ್ಯತ್ಯಾಸವಿದೆ: ಗ್ರೀನ್ ಕಾರ್ಡ್ ಇರುವವರು ಕೊಡಬಹುದು, ಎಚ್‌-1ಬಿಯವರು ಕೊಡುವಂತಿಲ್ಲ.

ಒಂದು ಹಾಳೆ, ಮೂರು ಕಾಲಂ

ಅಂತರ್ಜಾಲದ ‘ನಿಮ್ಮ ಅಭ್ಯರ್ಥಿ ಯಾರು’ ಪ್ರಶ್ನಾವಳಿಗಳು ಇಲ್ಲಿ ಕೆಲಸಕ್ಕೆ ಬರುವುದಿಲ್ಲ. ಅವುಗಳ ಪ್ರಶ್ನೆಗಳು ಹೆಚ್ಚಾಗಿ ಪಕ್ಷ ಪಕ್ಷಗಳ ನಡುವಿನ ಅಂತರ ತೋರಿಸುವಂಥವು: ಗರ್ಭಪಾತ, ಬಂದೂಕು, ತೆರಿಗೆ. ಒಂದೇ ಪಕ್ಷದ ಇಬ್ಬರು ಇವುಗಳಿಗೆ ಬಹುತೇಕ ಒಂದೇ ಉತ್ತರ ಕೊಡುತ್ತಾರೆ. ಒಬ್ಬರಿಗೆ ಶೇ 94, ಇನ್ನೊಬ್ಬರಿಗೆ ಶೇ 92 ಹೊಂದಾಣಿಕೆ ಎಂದು ಬಂದರೆ ಅದರಿಂದ ತಿಳಿಯುವುದು ಏನೂ ಇಲ್ಲ.

ಬದಲಿಗೆ ಒಂದು ಹಾಳೆ ತೆಗೆದುಕೊಂಡು, ಇಬ್ಬರೂ ಒಪ್ಪುವ ವಿಷಯಗಳನ್ನು ಬಿಟ್ಟು, ಭಿನ್ನವಾಗಿರುವುದನ್ನು ಮಾತ್ರ ಬರೆಯಿರಿ. ಮೊದಲ ಕಾಲಂನಲ್ಲಿ ವಿಷಯ, ಎರಡನೆಯದರಲ್ಲಿ ಇಬ್ಬರ ನಿಲುವು, ಮೂರನೆಯದರಲ್ಲಿ ‘ಇದು ಯಾರ ಕೈಯಲ್ಲಿದೆ’ ಎಂಬುದು. ಎಂಟು ಹತ್ತು ಸಾಲು ಸಾಕು. 2020ರ ಸ್ಯಾಂಡರ್ಸ್ ಮತ್ತು ವಾರನ್ ಅವರನ್ನೇ ತೆಗೆದುಕೊಂಡರೆ ಹಾಳೆಯ ಆರಂಭ ಹೀಗಿರುತ್ತಿತ್ತು.

ಸಂಪತ್ತಿನ ತೆರಿಗೆ: ವಾರನ್ ಅವರದ್ದು 5 ಕೋಟಿ ಡಾಲರ್‌ಗಿಂತ ಹೆಚ್ಚಿನ ಆಸ್ತಿಗೆ ಶೇ 2ರಿಂದ ಶುರು, ಸ್ಯಾಂಡರ್ಸ್ ಅವರದ್ದು ದಂಪತಿಯ ಆಸ್ತಿ 3.2 ಕೋಟಿ ಡಾಲರ್ ದಾಟಿದರೆ ಶೇ 1ರಿಂದ ಶುರುವಾಗಿ ಮೇಲಕ್ಕೆ ಶೇ 8ರವರೆಗೆ. ಯಾರ ಕೈಯಲ್ಲಿದೆ? ಕಾಂಗ್ರೆಸ್‌, ಅಂದರೆ ಅಮೆರಿಕದ ಸಂಸತ್ತಿನ ಕೈಯಲ್ಲಿ. ಆರೋಗ್ಯ ವಿಮೆ: ಸ್ಯಾಂಡರ್ಸ್ ಒಂದೇ ಮಸೂದೆಯಲ್ಲಿ ಸರ್ಕಾರಿ ವಿಮೆ ತರಬೇಕೆಂದರು. ವಾರನ್ 2019ರ ನವೆಂಬರ್‌ನಲ್ಲಿ ಎರಡು ಹಂತದ ಯೋಜನೆ ಮುಂದಿಟ್ಟರು. ಇದೂ ಕಾಂಗ್ರೆಸ್‌ನ ಕೈಯಲ್ಲಿ. ವಿದ್ಯಾರ್ಥಿ ಸಾಲ: ಸ್ಯಾಂಡರ್ಸ್ ಎಲ್ಲ ಸಾಲವನ್ನೂ ಮನ್ನಾ ಮಾಡುವ ಮಸೂದೆ ತರುವವರು, ವಾರನ್ ಆದಾಯ ಮಿತಿಯೊಳಗಿನವರಿಗೆ 50,000 ಡಾಲರ್‌ವರೆಗಿನದ್ದನ್ನು, ಅದೂ ಈಗಿರುವ ಕಾನೂನಿನಡಿ ಅಧ್ಯಕ್ಷರ ಅಧಿಕಾರದಿಂದಲೇ ಮಾಡುವುದಾಗಿ ಹೇಳಿದವರು. ಫಿಲಿಬಸ್ಟರ್: ಸೆನೆಟ್‌ನಲ್ಲಿ ಬಹುತೇಕ ಮಸೂದೆಗಳಿಗೆ 60 ಮತ ಬೇಕಾಗುವಂತೆ ಮಾಡುವ ಈ ನಿಯಮವನ್ನು ತೆಗೆಯಬೇಕೆಂದು ವಾರನ್ ವಾದಿಸಿದರು. ಸ್ಯಾಂಡರ್ಸ್ ಆಗ ಅದನ್ನು ತೆಗೆಯಲು ಒಪ್ಪಿರಲಿಲ್ಲ, ಸರಳ ಬಹುಮತ ಸಾಕಾಗುವ ಬಜೆಟ್ ದಾರಿಯಲ್ಲಿ ಕೆಲಸ ಸಾಧಿಸಬಹುದೆಂದರು.

ತೆರಿಗೆಯ ಪ್ರಮಾಣದ ಬಗ್ಗೆ ಚರ್ಚೆ ಜೋರಾಗಿತ್ತು. ಆದರೆ ಹಾಳೆಯಲ್ಲಿ ನಿಜವಾಗಿ ತೂಕವಿರುವುದು ಕೊನೆಯ ಎರಡು ಸಾಲುಗಳಿಗೆ. 60 ಮತ ಸಿಗದಿದ್ದರೆ ಏನು ಮಾಡುತ್ತೀರಿ ಎಂಬುದಕ್ಕೆ ಇಬ್ಬರ ಉತ್ತರ ಬೇರೆ ಬೇರೆ, ಮತ್ತು ಉಳಿದ ಭರವಸೆಗಳೆಲ್ಲ ಆ ಉತ್ತರದ ಮೇಲೇ ನಿಂತಿವೆ.

ಮೂರನೇ ಕಾಲಂ ಏಕೆ ಮುಖ್ಯ

2008ರಲ್ಲಿ ಕ್ಲಿಂಟನ್ ಮತ್ತು ಒಬಾಮ ನಡುವೆ ತಿಂಗಳುಗಟ್ಟಲೆ ನಡೆದ ವಾಗ್ವಾದ ಒಂದು ಅಂಶದ ಮೇಲಿತ್ತು: ಪ್ರತಿಯೊಬ್ಬರೂ ಆರೋಗ್ಯ ವಿಮೆ ಕೊಳ್ಳಲೇಬೇಕೆಂಬ ಕಡ್ಡಾಯ. ಕ್ಲಿಂಟನ್ ಬೇಕೆಂದರು. ಒಬಾಮ ಮಕ್ಕಳಿಗೆ ಮಾತ್ರ ಸಾಕೆಂದರು. ಒಬಾಮ ಗೆದ್ದರು. 2010ರಲ್ಲಿ ಅವರು ಸಹಿ ಹಾಕಿದ ಕಾನೂನಿನಲ್ಲಿ ಆ ಕಡ್ಡಾಯವಿತ್ತು. ಆ ಒಂದು ಅಂಶ ನೋಡಿ ಮತ ಹಾಕಿದವರಿಗೆ ತಾವು ಬೇಡವೆಂದದ್ದೇ ಸಿಕ್ಕಿತು. ಅದೇ ಚುನಾವಣೆಯಲ್ಲಿ ಇನ್ನೊಂದು ವ್ಯತ್ಯಾಸವಿತ್ತು. 2002ರ ಅಕ್ಟೋಬರ್‌ನಲ್ಲಿ ಇರಾಕ್ ಯುದ್ಧಕ್ಕೆ ಅಧಿಕಾರ ಕೊಡುವ ನಿರ್ಣಯಕ್ಕೆ ಕ್ಲಿಂಟನ್ ಮತ ಹಾಕಿದ್ದರು. ಇಲಿನಾಯ್ ರಾಜ್ಯ ಸೆನೆಟರ್ ಆಗಿದ್ದ ಒಬಾಮ ಅದೇ ತಿಂಗಳು ಬಹಿರಂಗವಾಗಿ ವಿರೋಧಿಸಿದ್ದರು. ಸೇನೆ, ವಿದೇಶಾಂಗ ವ್ಯವಹಾರಗಳಲ್ಲಿ ಅಧ್ಯಕ್ಷರ ಕೈ ಬಹಳ ಉದ್ದ. ಹಾಗಾಗಿ ಈ ವ್ಯತ್ಯಾಸಕ್ಕೆ ವಿಮೆಯ ವ್ಯತ್ಯಾಸಕ್ಕಿಂತ ಹೆಚ್ಚು ಅಂಕ ಕೊಡಬೇಕು.

ವಲಸೆಯ ವಿಷಯದಲ್ಲಿ ಈ ಕಾಲಂ ಹೇಗೆ ತುಂಬುವುದೆಂದು ಸ್ವಲ್ಪ ಬಿಡಿಸಿ ನೋಡೋಣ, ಏಕೆಂದರೆ ಕನ್ನಡಿಗರ ಮನೆಗಳಲ್ಲಿ ಹೆಚ್ಚು ಚರ್ಚೆಯಾಗುವುದು ಇದೇ. ಉದ್ಯೋಗ ಆಧಾರಿತ ಗ್ರೀನ್ ಕಾರ್ಡ್‌ಗಳಲ್ಲಿ ಒಂದು ದೇಶದವರಿಗೆ ಶೇ 7ರ ಮಿತಿ ಇರುವುದು ಕಾನೂನಿನಲ್ಲಿ. ಅದನ್ನು ಬದಲಿಸಲು ಕಾಂಗ್ರೆಸ್ ಬೇಕು. ‘ನಾನು ಬಂದರೆ ಗ್ರೀನ್ ಕಾರ್ಡ್‌ಗೆ ಕಾದಿರುವವರ ಬ್ಯಾಕ್‌ಲಾಗ್ ತೆಗೆಯುತ್ತೇನೆ’ ಎಂಬ ಮಾತಿನ ಬೆಲೆಯನ್ನು ಅಷ್ಟಕ್ಕೇ ಇಳಿಸಿಕೊಳ್ಳಿ. ಆದರೆ ಎಚ್‌-4 ವೀಸಾದ ಸಂಗಾತಿಗಳಿಗೆ ಕೆಲಸದ ಪರವಾನಗಿ ಬಂದದ್ದು 2015ರಲ್ಲಿ ಆಡಳಿತ ಹೊರಡಿಸಿದ ನಿಯಮದಿಂದ. ಅದಕ್ಕೆ ಕಾಂಗ್ರೆಸ್‌ನ ಮತ ಬೇಕಾಗಲಿಲ್ಲ. ಅದರ ನಂತರ ಬಂದ ಮೊದಲ ಟ್ರಂಪ್ ಆಡಳಿತ ಅದನ್ನು ಹಿಂತೆಗೆಯಲು ಹೊರಟಿತು, ಬೈಡನ್ ಆಡಳಿತ ಆ ಪ್ರಯತ್ನವನ್ನು ಕೈಬಿಟ್ಟಿತು. 2025ರ ಸೆಪ್ಟೆಂಬರ್‌ನಲ್ಲಿ ಹೊಸ ಎಚ್‌-1ಬಿ ಅರ್ಜಿಗಳಿಗೆ 1 ಲಕ್ಷ ಡಾಲರ್ ಶುಲ್ಕ ಬಂದದ್ದೂ ಅಧ್ಯಕ್ಷರ ಒಂದು ಘೋಷಣೆಯಿಂದಲೇ. ಇಬ್ಬರು ಅಭ್ಯರ್ಥಿಗಳೂ ‘ನಾವು ಕಾನೂನುಬದ್ಧ ವಲಸೆಯ ಪರ’ ಎಂದರೆ, ಈ ಎರಡು ನಿಯಮಗಳನ್ನು ಉಳಿಸುತ್ತೀರಾ ತೆಗೆಯುತ್ತೀರಾ ಎಂಬ ನೇರ ಪ್ರಶ್ನೆಯನ್ನು ಸಭೆಯಲ್ಲಿ ಕೇಳಿ.

ಅಧ್ಯಕ್ಷರ ಅಧಿಕಾರ ಎಂದೊಡನೆ ಆಗಿಯೇ ಬಿಡುತ್ತದೆ ಎಂದೂ ಅಲ್ಲ. ಬೈಡನ್ ಅವರ ವಿದ್ಯಾರ್ಥಿ ಸಾಲ ಮನ್ನಾ ಯೋಜನೆಯನ್ನು ಸುಪ್ರೀಂ ಕೋರ್ಟ್ 2023ರ ಜೂನ್‌ನಲ್ಲಿ ರದ್ದು ಮಾಡಿತು. ಆದ್ದರಿಂದ ಅಭ್ಯರ್ಥಿ ಯಾವ ಕಾನೂನಿನ ಯಾವ ಅಧಿಕಾರವನ್ನು ಬಳಸುವುದಾಗಿ ಹೇಳುತ್ತಾರೆ ಎಂದು ನೋಡಿ. ಅದನ್ನು ಹೇಳಲಾಗದವರು ವಿಷಯದ ಬಗ್ಗೆ ಇನ್ನೂ ಯೋಚಿಸಿಲ್ಲ ಎಂದೇ ತಿಳಿಯಬೇಕು.

ಮಾತಲ್ಲ, ದಾಖಲೆ

ರೂಬಿಯೊ ಮತ್ತು ಕ್ರೂಜ್ ಮೇಲ್ನೋಟಕ್ಕೆ ಅವಳಿಗಳಂತಿದ್ದರು. ಇಬ್ಬರೂ ಕ್ಯೂಬಾ ಮೂಲದವರು, ಇಬ್ಬರೂ ಮೊದಲ ಅವಧಿಯ ಸೆನೆಟರ್‌ಗಳು, ಇಬ್ಬರೂ ಸಂಪ್ರದಾಯವಾದಿಗಳು. ಸೆನೆಟ್‌ನ ದಾಖಲೆ ತೆರೆದರೆ ಎರಡೇ ಮತಗಳಲ್ಲಿ ಇಬ್ಬರೂ ಬೇರೆಯಾಗಿಬಿಡುತ್ತಾರೆ. 2013ರ ಜೂನ್‌ನಲ್ಲಿ 68-32 ಮತಗಳಿಂದ ಸೆನೆಟ್‌ನಲ್ಲಿ ಅಂಗೀಕಾರವಾದ ವಲಸೆ ಸುಧಾರಣಾ ಮಸೂದೆಯನ್ನು ರೂಪಿಸಿದ ಎಂಟು ಮಂದಿಯಲ್ಲಿ ರೂಬಿಯೊ ಒಬ್ಬರು. ಕ್ರೂಜ್ ವಿರುದ್ಧ ಮತ ಹಾಕಿದರು. 2015ರ ಜೂನ್‌ನಲ್ಲಿ ಸರ್ಕಾರ ಜನರ ಫೋನ್ ಕರೆಗಳ ವಿವರವನ್ನು ಸಗಟಾಗಿ ಸಂಗ್ರಹಿಸುವುದನ್ನು ನಿಲ್ಲಿಸುವ ಕಾಯ್ದೆಗೆ ಕ್ರೂಜ್ ಪರ, ರೂಬಿಯೊ ವಿರುದ್ಧ. ಸ್ಯಾಂಡರ್ಸ್ ಮತ್ತು ವಾರನ್ ಕೂಡ 2020ರ ಜನವರಿಯಲ್ಲಿ ಮೆಕ್ಸಿಕೊ-ಕೆನಡಾ ವ್ಯಾಪಾರ ಒಪ್ಪಂದದ ಮೇಲೆ ಬೇರೆಯಾದರು: ವಾರನ್ ಪರ, ಸ್ಯಾಂಡರ್ಸ್ ವಿರುದ್ಧ.

ಇದನ್ನು ಹುಡುಕುವುದು ಅರ್ಧ ಗಂಟೆಯ ಕೆಲಸ. ಕಾಂಗ್ರೆಸ್ ಡಾಟ್ ಗವ್ ತಾಣದಲ್ಲಿ ಮಸೂದೆಯ ಪುಟ ತೆರೆದರೆ ‘ಕೋಸ್ಪಾನ್ಸರ್ಸ್’ (ಸಹ ಪ್ರಾಯೋಜಕರು) ಎಂಬ ಟ್ಯಾಬ್ ಇರುತ್ತದೆ. ಅಲ್ಲಿ ಹೆಸರಿನ ಎದುರಿಗೆ ಸೇರಿದ ದಿನಾಂಕವೂ ಇದೆ. ಹೆಸರಿಗಿಂತ ದಿನಾಂಕ ಹೆಚ್ಚು ಹೇಳುತ್ತದೆ. ಮಸೂದೆ ಮಂಡನೆಯಾದ ದಿನವೇ ಸೇರಿದವರು ಬೇರೆ, ಪ್ರಚಾರ ಶುರುವಾಗುವ ಹಿಂದಿನ ವಾರ ಸೇರಿದವರು ಬೇರೆ. ಸಹಿ ಅಗ್ಗ ಎಂಬುದನ್ನೂ ಮರೆಯಬೇಡಿ. ಆ ಶೇ 7ರ ಮಿತಿ ತೆಗೆಯುವ ಮಸೂದೆಗೆ 2019ರಲ್ಲಿ ಕೆಳಮನೆಯಲ್ಲಿ 300ಕ್ಕೂ ಹೆಚ್ಚು ಸಹ ಪ್ರಾಯೋಜಕರಿದ್ದರು, 365-65 ಮತಗಳಿಂದ ಪಾಸಾಯಿತು. 2020ರ ಡಿಸೆಂಬರ್‌ನಲ್ಲಿ ಸೆನೆಟ್ ಬೇರೊಂದು ರೂಪವನ್ನು ಒಪ್ಪಿತು. ಎರಡನ್ನೂ ಹೊಂದಿಸುವಷ್ಟರಲ್ಲಿ ಅವಧಿ ಮುಗಿದು ಮಸೂದೆ ಸತ್ತಿತು. ಹೀಗಾಗಿ ಯಾರು ಸಹಿ ಹಾಕಿದರು ಎಂಬಷ್ಟೇ ಅಲ್ಲ, ಯಾರು ಕೊನೆಯವರೆಗೆ ಎಳೆದುಕೊಂಡು ಹೋದರು ಎಂದು ಹುಡುಕಬೇಕು.

ಅಭ್ಯರ್ಥಿ ಗವರ್ನರ್ ಆಗಿದ್ದರೆ ಮತಗಳ ದಾಖಲೆ ಇರುವುದಿಲ್ಲ. ಅವರು ವೀಟೊ ಮಾಡಿದ ಮಸೂದೆಗಳು, ಮಂಡಿಸಿದ ಬಜೆಟ್‌ಗಳು, ಮಾಡಿದ ನೇಮಕಗಳನ್ನು ನೋಡಿ. ವೀಟೊ ಜೊತೆಗೆ ಗವರ್ನರ್ ಕಾರಣ ವಿವರಿಸಿ ಬರೆಯುವ ಟಿಪ್ಪಣಿಯನ್ನು ಓದಲೇಬೇಕು. ಪ್ರಚಾರ ಭಾಷಣದಲ್ಲಿ ಸಿಗದ ಸ್ಪಷ್ಟತೆ ಅಲ್ಲಿರುತ್ತದೆ. ಪ್ರಚಾರದ ಜಾಲತಾಣದ ನೀತಿ ಪುಟಗಳು ಸದ್ದಿಲ್ಲದೆ ಬದಲಾಗುತ್ತವೆ. ಓದಿದ ದಿನವೇ ಪಿಡಿಎಫ್ ಮಾಡಿಟ್ಟುಕೊಳ್ಳಿ. ಹಳೆಯದನ್ನು ವೇಬ್ಯಾಕ್ ಮೆಷಿನ್‌ನಲ್ಲಿ ಹುಡುಕಬಹುದು.

ಹಣದ ದಾಖಲೆಗೆ ಫೆಡರಲ್ ಎಲೆಕ್ಷನ್ ಕಮಿಷನ್‌ನ ತಾಣ. ಒಟ್ಟು 200 ಡಾಲರ್ ದಾಟಿದ ದಾನಿಗಳ ಹೆಸರು, ಉದ್ಯೋಗ, ಕೆಲಸ ಮಾಡುವ ಸಂಸ್ಥೆ ಎಲ್ಲವೂ ಅಲ್ಲಿ ಸಾರ್ವಜನಿಕ. (ನೀವು ಕೊಟ್ಟರೆ ನಿಮ್ಮದೂ.) ಯಾರು ಕೊಟ್ಟರು ಎಂಬುದಕ್ಕಿಂತ ‘ಕೈಯಲ್ಲಿರುವ ನಗದು’ ಮತ್ತು ‘ಸಾಲ’ ಎಂಬ ಎರಡು ಸಾಲುಗಳು ಇಲ್ಲಿ ನಮಗೆ ಹೆಚ್ಚು ಉಪಯುಕ್ತ. ನಿಮ್ಮ ರಾಜ್ಯದ ಸರದಿ ಬರುವವರೆಗೆ ಯಾರು ಕಣದಲ್ಲಿ ಉಳಿಯುತ್ತಾರೆ ಎಂಬುದರ ಸುಳಿವು ಅಲ್ಲಿದೆ.

ಇಬ್ಬರಲ್ಲಿ ಮತ ಹಂಚಿಹೋದರೆ

ಒಂದೇ ಥರದ ಇಬ್ಬರು ನಿಂತಾಗ ಇಬ್ಬರಿಗೂ ನಷ್ಟವಾಗಬಹುದು. 2016ರ ಸೌತ್ ಕ್ಯಾರೊಲಿನಾ ರಿಪಬ್ಲಿಕನ್ ಪ್ರೈಮರಿಯಲ್ಲಿ ಟ್ರಂಪ್ ಅವರಿಗೆ ಶೇ 32.5, ರೂಬಿಯೊಗೆ 22.5, ಕ್ರೂಜ್‌ಗೆ 22.3. ಪಕ್ಷದ ಸಮಾವೇಶದಲ್ಲಿ ಅಭ್ಯರ್ಥಿಯನ್ನು ಆರಿಸುವ ಅಲ್ಲಿಯ 50 ಪ್ರತಿನಿಧಿಗಳೂ, ಅಂದರೆ ಡೆಲಿಗೇಟ್‌ಗಳೂ, ಟ್ರಂಪ್ ಅವರಿಗೇ ಹೋದರು. ಉಳಿದಿಬ್ಬರಿಗೆ ಸೊನ್ನೆ. ರಿಪಬ್ಲಿಕನ್ನರಲ್ಲಿ ಹಂಚಿಕೆಯ ನಿಯಮ ರಾಜ್ಯದಿಂದ ರಾಜ್ಯಕ್ಕೆ ಬೇರೆ. 2024ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಶೇ 50 ದಾಟಿದವರಿಗೆ 169 ಪ್ರತಿನಿಧಿಗಳೂ ಸೇರುತ್ತಿದ್ದರು.

ಡೆಮಾಕ್ರಟ್‌ರಲ್ಲಿ ಎಲ್ಲೆಡೆ ಪ್ರಮಾಣಾನುಸಾರ ಹಂಚಿಕೆ, ಆದರೆ ಶೇ 15ರ ಹೊಸ್ತಿಲು ಇದೆ. ಅದು ರಾಜ್ಯ ಮಟ್ಟದಲ್ಲೂ ಪ್ರತಿ ಕ್ಷೇತ್ರದಲ್ಲೂ ಬೇರೆ ಬೇರೆಯಾಗಿ ಲೆಕ್ಕಕ್ಕೆ ಬರುತ್ತದೆ. ಉದಾಹರಣೆಗೆ ಐದು ಪ್ರತಿನಿಧಿಗಳಿರುವ ಕ್ಷೇತ್ರದಲ್ಲಿ ನಾಲ್ವರಿಗೆ ಶೇ 40, 29, 17, 14 ಬಂತು ಎನ್ನಿ. ಕೊನೆಯ ಇಬ್ಬರು ಒಂದೇ ಥರದವರು. ಶೇ 14ರವರು ಹೊಸ್ತಿಲು ದಾಟಲಿಲ್ಲ, ಅವರ ಮತ ಲೆಕ್ಕದಿಂದಲೇ ಹೊರಗೆ. ಉಳಿದ ಮೂವರಿಗೆ ಕ್ರಮವಾಗಿ 2, 2, 1. ಆ ಶೇ 14 ಮತ ಮೂರನೆಯವರಿಗೆ ಸೇರಿದ್ದರೆ ಅವರು ಶೇ 31ಕ್ಕೆ ಏರಿ, ಹಂಚಿಕೆ 2, 1, 2 ಆಗುತ್ತಿತ್ತು. ಒಂದು ಪ್ರತಿನಿಧಿ ಸ್ಥಾನ ಎದುರಾಳಿಯಿಂದ ಈ ಕಡೆಗೆ ಬರುತ್ತಿತ್ತು.

ನಮ್ಮ ಅಭಿಪ್ರಾಯ ಇದು: ಹಾಳೆಯಲ್ಲಿ ಇಬ್ಬರ ಅಂತರ ದೊಡ್ಡದಾಗಿದ್ದರೆ ಈ ಲೆಕ್ಕವನ್ನು ಮರೆತು ಮನಸ್ಸೊಪ್ಪಿದವರಿಗೆ ಹಾಕಿ. ಅಂತರ ಕೂದಲೆಳೆಯಷ್ಟಿದ್ದರೆ ಮಾತ್ರ ಹೊಸ್ತಿಲು ದಾಟುವವರ ಕಡೆ ಹೋಗಿ. ಇದಕ್ಕೆ ಸಮೀಕ್ಷೆ ನೋಡುವಾಗ ಎಚ್ಚರ ಬೇಕು. 600 ಜನರ ಸಮೀಕ್ಷೆಯಲ್ಲಿ ಶೇ 15ರ ಆಸುಪಾಸಿನ ಅಂಕಿ ಮೂರು ಅಂಶ ಅತ್ತಿತ್ತ ಆಗುವುದು ಸಹಜ. ಒಬ್ಬರಿಗೆ 13, ಇನ್ನೊಬ್ಬರಿಗೆ 16 ಎಂದಿದ್ದರೆ ಇಬ್ಬರೂ ಸಮ ಎಂದೇ ಓದಿಕೊಳ್ಳಿ. ಕನಿಷ್ಠ ನಾಲ್ಕೈದು ಸಮೀಕ್ಷೆಗಳು ಒಂದೇ ದಿಕ್ಕು ತೋರಿಸಿದರೆ ನಂಬಬಹುದು. ‘ನವೆಂಬರ್‌ನಲ್ಲಿ ಯಾರು ಗೆಲ್ಲುತ್ತಾರೆ’ ಎಂಬ ಸಮೀಕ್ಷೆಯಲ್ಲಿ ಇಬ್ಬರ ನಡುವೆ ಒಂದೆರಡು ಅಂಶದ ವ್ಯತ್ಯಾಸವಿದ್ದರೆ ಅದನ್ನು ಹಾಳೆಗೆ ಸೇರಿಸಲೇಬೇಡಿ.

ಮತಪತ್ರವನ್ನು ಬೇಗ ಕಳಿಸಬೇಡಿ

2020ರಲ್ಲಿ ಕ್ಯಾಲಿಫೋರ್ನಿಯಾದ ಅಂಚೆ ಮತದಾನ ಆರಂಭವಾದದ್ದು ಫೆಬ್ರವರಿ 3ರಂದು, ಪಕ್ಷದ ಬೆಂಬಲಿಗರು ಸಭೆ ಸೇರಿ ಅಭ್ಯರ್ಥಿಯನ್ನು ಆರಿಸುವ ಅಯೋವಾ ಕಾಕಸ್‌ನ ದಿನವೇ. ಅಲ್ಲಿಯ ಪ್ರೈಮರಿ ಮಾರ್ಚ್ 3ಕ್ಕೆ. ನಡುವೆ ಟಾಮ್ ಸ್ಟೈಯರ್ ಫೆಬ್ರವರಿ 29ಕ್ಕೆ, ಪೀಟ್ ಬುಟಿಜೆಜ್ ಮಾರ್ಚ್ 1ಕ್ಕೆ, ಏಮಿ ಕ್ಲೋಬುಚಾರ್ ಮಾರ್ಚ್ 2ಕ್ಕೆ ಕಣದಿಂದ ಸರಿದರು. ಹೆಸರುಗಳು ಮತಪತ್ರದಲ್ಲಿ ಉಳಿದವು, ಅವರಿಗೆ ಮೊದಲೇ ಹಾಕಿದ್ದ ಮತಗಳನ್ನು ಬದಲಿಸುವ ದಾರಿ ಇರಲಿಲ್ಲ. ಮಿಶಿಗನ್, ಮಿನ್ನೆಸೋಟಾಗಳಂಥ ಕೆಲವೇ ರಾಜ್ಯಗಳಲ್ಲಿ ಒಂದು ಗಡುವಿನೊಳಗೆ ಕಳಿಸಿದ ಮತಪತ್ರವನ್ನು ರದ್ದು ಮಾಡಿಸಿ ಹೊಸದು ಪಡೆಯಬಹುದು. 2020ರಲ್ಲಿ ಅಲಾಸ್ಕಾ, ಹವಾಯಿ, ಕ್ಯಾನ್ಸಸ್, ವಯೋಮಿಂಗ್‌ನ ಡೆಮಾಕ್ರಟ್‌ರು ಆದ್ಯತೆಯ ಕ್ರಮದಲ್ಲಿ ಹೆಸರು ಬರೆಯುವ ಪದ್ಧತಿ ಬಳಸಿದರು. ಅಲ್ಲಿ ಶೇ 15 ಮುಟ್ಟದವರ ಮತ ಮುಂದಿನ ಆಯ್ಕೆಗೆ ವರ್ಗವಾಯಿತು. ನಿಮ್ಮ ರಾಜ್ಯದಲ್ಲಿ ಆ ಪದ್ಧತಿ ಇದ್ದರೆ ಇಬ್ಬರಲ್ಲಿ ಒಬ್ಬರನ್ನು ಮೊದಲು, ಇನ್ನೊಬ್ಬರನ್ನು ಎರಡನೆಯದಾಗಿ ಬರೆಯಿರಿ. ಎರಡನೇ ಸಾಲನ್ನು ಖಾಲಿ ಬಿಡುವುದರಿಂದ ಮೊದಲನೆಯವರಿಗೆ ಯಾವ ಲಾಭವೂ ಇಲ್ಲ.

ಉಳಿದ ರಾಜ್ಯಗಳಲ್ಲಿ, ಹಿಂದಿನ ರಾಜ್ಯಗಳ ಫಲಿತಾಂಶ ಬಂದು ಎರಡು ದಿನ ಕಾಯಿರಿ. ಸೋತವರು ಸರಿಯುವುದು ಆ ಎರಡು ದಿನಗಳಲ್ಲೇ. ಅಂಚೆಗೆ ಹಾಕಲು ತಡವಾಗಿದ್ದರೆ ಅಧಿಕೃತ ಡ್ರಾಪ್ ಬಾಕ್ಸ್‌ಗೆ ಅಥವಾ ಮತಗಟ್ಟೆಗೆ ಕೈಯಾರೆ ಕೊಡಬಹುದೇ ಎಂದು ಮೊದಲೇ ವಿಚಾರಿಸಿಟ್ಟುಕೊಳ್ಳಿ.

ಅನೇಕ ರಾಜ್ಯಗಳಲ್ಲಿ ಲಕೋಟೆಯ ಮೇಲಿನ ಸಹಿ ನೋಂದಣಿಯಲ್ಲಿರುವ ಅಥವಾ ಡ್ರೈವಿಂಗ್ ಲೈಸೆನ್ಸ್‌ನ ಸಹಿಗೆ ಹೊಂದಬೇಕು. ಒಂದು ಕಡೆ ಕನ್ನಡದಲ್ಲಿ, ಇನ್ನೊಂದು ಕಡೆ ಇಂಗ್ಲಿಷ್‌ನಲ್ಲಿ ಸಹಿ ಮಾಡುವ ಅಭ್ಯಾಸವಿರುವವರು ಇಲ್ಲಿ ಜಾಗ್ರತೆ ವಹಿಸಬೇಕು. ಹೊಂದದಿದ್ದರೆ ಕ್ಯಾಲಿಫೋರ್ನಿಯಾದಂಥ ರಾಜ್ಯಗಳಲ್ಲಿ ಸರಿಪಡಿಸಲು ಪತ್ರ ಬರುತ್ತದೆ, ಅದಕ್ಕೂ ಕೊನೆಯ ದಿನಾಂಕವಿರುತ್ತದೆ. ಮತಪತ್ರದ ಸ್ಥಿತಿಯನ್ನು ಆನ್‌ಲೈನ್‌ನಲ್ಲಿ ತೋರಿಸುವ ಸೌಲಭ್ಯ ನಿಮ್ಮ ರಾಜ್ಯದಲ್ಲಿದ್ದರೆ ಮೊಬೈಲ್ ಸಂಖ್ಯೆ ಕೊಟ್ಟು ನೋಂದಾಯಿಸಿಕೊಳ್ಳಿ. ‘ಎಣಿಕೆಗೆ ಸ್ವೀಕರಿಸಲಾಗಿದೆ’ ಎಂಬ ಸಂದೇಶ ಬರುವವರೆಗೆ ಅಂಚೆ ಡಬ್ಬಿಯನ್ನು ದಿನಾ ತೆರೆದು ನೋಡುತ್ತಿರಿ.